ಅಂಗೈ ಕಂಪ್ಯೂಟರೂ ಎಫ್ ಕೀಲಿಯೂ

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಅದನ್ನು ಭಾವನ ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಅಟ್ಟದ ಮೇಲಿನ ಕಾಯಿ ಒಳಗೇ ಒಣಗಿ ಉಂಡೆ ಕೊಬ್ಬರಿ ಆಗಿದೆಯೋ ಇಲ್ಲವೋ ಅಂತ ನೋಡುವುದೂ ಹಾಗೇ.

"ಇದೇನಯ್ಯ, ಕಂಡಕ್ಟ್ರು ಟಿಕೆಟ್ ಮಿಷನ್ ಇದ್ದಂಗಿದೆ?"

"ಕಂಪ್ಯೂಟ್ರು ಭಾವ."

"ವಾಟ್ಸಾಪ್ ಬರುತ್ತಾ?"

"ಬ್ರೌಸರ್‌ನಲ್ಲಿ ಬರುತ್ತೆ. ಸ್ವಲ್ಪ ನಿಧಾನ."

"ಹಂಗಾದ್ರೆ ಬರಲ್ಲ ಅನ್ನು" ಎಂದು ಮೇಜಿನ ಮೇಲಿಟ್ಟು ತಮ್ಮ ಚೀಟಿ ಪುಸ್ತಕಕ್ಕೆ ಮರಳಿದರು.

ಹದಿನೈದು ದಿನ ನನ್ನ ಚೀಲದಲ್ಲಿದ್ದ ಆ ಯಂತ್ರ ಇನ್ನೂ ಮಾದರಿ. ತುಮಕೂರಿನ ಬಿ.ಎಚ್. ರಸ್ತೆಯ ಒಂದು ಅಡ್ಡರಸ್ತೆಯಲ್ಲಿ, ಮಹಡಿ ಮೇಲಿನ ಪುಟ್ಟ ಕೋಣೆಯಲ್ಲಿ ನನ್ನ ಗೆಳೆಯ ಒಂದೂವರೆ ವರ್ಷದಿಂದ ಇದರ ಹಿಂದೆ ಬಿದ್ದಿದ್ದಾನೆ. ನನಗೆ ಕೊಟ್ಟಿದ್ದು ಮೂರನೆಯ ಕೂಸು. ಮೊದಲೆರಡು ಅವನ ಕಪಾಟಿನಲ್ಲಿ ಬಿಡಿಭಾಗಗಳಾಗಿ ಮಲಗಿವೆ. ಹೆಸರು ಇಟ್ಟಿಲ್ಲ. ನಾನು ಬಹಳ ವರ್ಷ ಡಿಟಿಪಿ ಮಾಡಿ ಹೊಟ್ಟೆ ಹೊರೆದವನು. ಲಗ್ನಪತ್ರಿಕೆ, ಪಂಚಾಯ್ತಿ ಚುನಾವಣೆಯ ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ಯಾರದೋ ಪಿಎಚ್‌ಡಿ ಪ್ರಬಂಧ ಎಲ್ಲವನ್ನೂ ಕುಟ್ಟಿದ್ದೇನೆ. ಅದಕ್ಕೇ ಕೊಟ್ಟ. "ಇಂಗ್ಲಿಷು ನಾನೇ ನೋಡ್ಕೊಂಡಿದೀನಿ. ನೀನು ಕನ್ನಡ ಕುಟ್ಟು. ಎಲ್ಲಿ ಮುರಿಯುತ್ತೋ ಅಲ್ಲಿ ಹೇಳು" ಎಂದ.

ಮುರಿದ ಜಾಗಗಳ ಕಥೆ ಆಮೇಲೆ. ಟಚ್‌ಸ್ಕ್ರೀನ್ ಬಂದು ಇಷ್ಟು ವರ್ಷವಾದ ಮೇಲೂ ಗುಂಡಿ ಒತ್ತುವ ಕಂಪ್ಯೂಟರನ್ನು ಯಾರಾದರೂ ಯಾಕೆ ಮಾಡುತ್ತಾರೆ ಎನ್ನುವುದು ಮೊದಲು ಬರುವ ಪ್ರಶ್ನೆ. ಹುಚ್ಚು ಹಳೆಯದು. ಎಚ್‌ಪಿ ಕಂಪನಿ 1991ರಲ್ಲೇ 95ಎಲ್‌ಎಕ್ಸ್ ಎಂಬ ಅಂಗೈ ಕಂಪ್ಯೂಟರ್ ತಂದಿತ್ತು. 1996ರಲ್ಲಿ ನೋಕಿಯಾದ ಕಮ್ಯುನಿಕೇಟರ್ ಬಂತು. ಮರುವರ್ಷ ಬಂದ ಬ್ರಿಟನ್ನಿನ ಸಯಾನ್ ಸೀರೀಸ್ 5ರ ಮುಚ್ಚಳ ತೆರೆದರೆ ಕೀಬೋರ್ಡೇ ಮುಂದಕ್ಕೆ ಜಾರಿ ಕೂರುತ್ತಿತ್ತು. ಅದನ್ನು ಕಂಡವರು ಈಗಲೂ ಅದರ ಮಾತಾಡುತ್ತಾರೆ. 2007ರಲ್ಲಿ ಐಫೋನ್ ಬಂದ ಮೇಲೆ ಗುಂಡಿಗಳ ಕಾಲ ಇಳಿಯಿತು. ಬ್ಲ್ಯಾಕ್‌ಬೆರಿ ತನ್ನ ಹಳೆಯ ಫೋನುಗಳ ಸೇವೆಯನ್ನು 2022ರ ಜನವರಿ 4ರಂದು ನಿಲ್ಲಿಸಿದಾಗ ಆ ಅಧ್ಯಾಯ ಮುಗಿಯಿತೆಂದೇ ಎಲ್ಲರೂ ಬರೆದರು.

ದೊಡ್ಡ ಕಂಪನಿಗಳ ಪಾಲಿಗೆ ಮುಗಿದಿತ್ತು, ಅಷ್ಟೇ. ಸಯಾನ್ ವಿನ್ಯಾಸಕಾರ ಮಾರ್ಟಿನ್ ರಿಡಿಫೋರ್ಡ್ ಅವರ ಕೈಯಿಂದಲೇ 2018ರಲ್ಲಿ ಜೆಮಿನಿ ಎಂಬ ಯಂತ್ರ ಬಂತು. ಆಮೇಲೆ ಕ್ಲಾಕ್‌ವರ್ಕ್‌ಪೈ ಕಂಪನಿಯ ಯುಕನ್ಸೋಲ್, ಬರ್ಲಿನ್ನಿನ ಎಂಎನ್‌ಟಿಯವರ ಪಾಕೆಟ್ ರಿಫಾರ್ಮ್. 2024ರಲ್ಲಿ ಐಫೋನಿನ ಬುಡಕ್ಕೆ ಅಂಟಿಸುವ ಕ್ಲಿಕ್ಸ್ ಎಂಬ ಕೀಬೋರ್ಡ್ ಕವಚವೂ ಬಂತು. ಇವೆಲ್ಲ ಬರಲು ಮುಖ್ಯ ಕಾರಣ ಹಳೆಯ ನೆನಪಲ್ಲ, ಬಿಡಿಭಾಗಗಳು. ಒಂದು ಕಾಲಕ್ಕೆ ಇಂಥದ್ದಕ್ಕೆ ಸ್ವಂತ ಚಿಪ್ಪು, ಸ್ವಂತ ಕಾರ್ಯಾಚರಣ ವ್ಯವಸ್ಥೆ, ಸ್ವಂತ ಕಾರ್ಖಾನೆ ಬೇಕಿತ್ತು. ಈಗ ರಾಸ್ಪ್‌ಬೆರಿ ಪೈ ಕಂಪನಿಯವರ ಕಂಪ್ಯೂಟ್ ಮಾಡ್ಯೂಲ್ 4 ಎಂಬ 55 ಮಿಲಿಮೀಟರ್ ಉದ್ದ, 40 ಮಿಲಿಮೀಟರ್ ಅಗಲದ ಹಲಗೆಯಲ್ಲಿ, ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಓಡಿಸುವ ಇಡೀ ಕಂಪ್ಯೂಟರ್ ಕೂತಿದೆ. ಕ್ರೀಮ್ ಬಿಸ್ಕತ್ತಿನಷ್ಟಿದೆ. ಅದರ ಸುತ್ತ ಪರದೆ, ಬ್ಯಾಟರಿ, ಕೀಬೋರ್ಡ್ ಕಟ್ಟಿದರೆ ಆಯಿತು. ಗೆಳೆಯ ಮಾಡಿದ್ದೂ ಅದನ್ನೇ. ಸಾಮಾನು ಅರ್ಧ ಬೆಂಗಳೂರಿನ ಎಸ್.ಪಿ. ರೋಡಿನದು, ಅರ್ಧ ಕೊರಿಯರ್‌ನದು.

"ಆಯಿತು" ಎಂದು ಬರೆಯುವುದು ಸುಲಭ. ಪರದೆ ಕೊಂಡು ತರಬಹುದು, ಬ್ಯಾಟರಿ ಕೊಂಡು ತರಬಹುದು. ಕೀಬೋರ್ಡ್ ಮಾತ್ರ ನಿಮ್ಮದೇ ಆಗಬೇಕು, ಯಾಕೆಂದರೆ ಆ ಅಳತೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ನಾನು ಮೇಜಿನ ಮೇಲೆ ಕುಟ್ಟುವ ಕೀಬೋರ್ಡಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಸುಮಾರು 19 ಮಿಲಿಮೀಟರ್. ಇದರಲ್ಲಿ ಅದರ ಅರ್ಧವೂ ಇಲ್ಲ. ಹತ್ತು ಬೆರಳಿಗೆ ಜಾಗವಿಲ್ಲ, ಎರಡು ಹೆಬ್ಬೆಟ್ಟಿನದೇ ದರ್ಬಾರು.

ನಾಲ್ಕು ಸಾಲು, ಸಾಲಿಗೆ 11, ಒಟ್ಟು 44 ಕೀಲಿ. ಒಂದೊಂದಕ್ಕೂ ಒಂದೊಂದು ತಂತಿ ಎಳೆಯುವುದಿಲ್ಲ. ಅಡ್ಡಕ್ಕೆ 4, ಉದ್ದಕ್ಕೆ 11, ಒಟ್ಟು 15 ಗೆರೆ ಸಾಕು. ಆರ್‌ಪಿ2040 ಎಂಬ ಪುಟ್ಟ ಚಿಪ್ಪು ಒಂದೊಂದೇ ಅಡ್ಡಗೆರೆಗೆ ವಿದ್ಯುತ್ ಕೊಟ್ಟು, ಯಾವ ಉದ್ದಗೆರೆಯಿಂದ ಮರಳಿ ಬಂತು ಎಂದು ನೋಡಿ ಕೀಲಿಯನ್ನು ಗುರುತಿಸುತ್ತದೆ. ಈ ಏರ್ಪಾಡಿನಲ್ಲಿ ಒಂದು ಪೀಡೆಯಿದೆ. ಚೌಕದ ಮೂರು ಮೂಲೆಯ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿದ್ಯುತ್ತು ಸುತ್ತಿ ಬಂದು, ಒತ್ತದೇ ಇರುವ ನಾಲ್ಕನೆಯ ಮೂಲೆಯೂ ಒತ್ತಿದಂತೆ ಕಾಣುತ್ತದೆ. ಈ ಕಸುಬಿನವರು ಇದನ್ನು ದೆವ್ವ ಎನ್ನುತ್ತಾರೆ. ಪ್ರತಿ ಕೀಲಿಗೂ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದನ್ನು ಹಾಕಿದರೆ ದೆವ್ವ ಬಿಡುತ್ತದೆ. ಎಲ್ಲ ರಿಪೇರಿ ಅಂಗಡಿಯಲ್ಲೂ ಸಿಗುವ 1ಎನ್4148 ಸಾಕು. ಗೆಳೆಯ ಮೊದಲನೇ ಮಾದರಿಯಲ್ಲಿ ಖರ್ಚು, ಜಾಗ ಎರಡೂ ಉಳಿಯಲಿ ಎಂದು ಡಯೋಡ್ ಬಿಟ್ಟಿದ್ದ. ಅವನು ನಿಧಾನಕ್ಕೆ ಇಂಗ್ಲಿಷ್ ಕುಟ್ಟುವಾಗ ಏನೂ ಆಗಿರಲಿಲ್ಲ. ಶಿಫ್ಟ್ ಹಿಡಿದು, ಹಿಂದಿನ ಅಕ್ಷರ ಬಿಡುವ ಮೊದಲೇ ಮುಂದಿನದನ್ನು ಒತ್ತುವ ಡಿಟಿಪಿ ಕೈಗೆ ಸಿಕ್ಕಿದ್ದೇ ತಡ, "ತುಮಕೂರು" ಎನ್ನುವ ಮಾತಿನ ಮಧ್ಯೆ ಯಾರದೋ ಅಕ್ಷರ ಬಂದು ಕೂರತೊಡಗಿತು.

ಗುಂಡಿಯ ಕೆಳಗಿರುವುದು ಬೊಟ್ಟಿನಷ್ಟು ಚಿಕ್ಕ ಲೋಹದ ಗುಮ್ಮಟ. ಒತ್ತಿದರೆ ಒಳಕ್ಕೆ ತಗ್ಗುತ್ತದೆ, ಬಿಟ್ಟರೆ ಟಕ್ಕನೆ ಮೇಲೇಳುತ್ತದೆ. ಆ ಟಕ್ಕು ಬೆರಳಿಗೆ ತಲುಪಬೇಕಾದರೆ ಮೇಲಿನ ಗುಂಡಿ ಮತ್ತು ಅದರ ಕಾಂಡದ ಅಳತೆ ಕರಾರುವಾಕ್ಕಾಗಿರಬೇಕು. ಇದನ್ನು ನಮಗಿಬ್ಬರಿಗೂ ಹೇಳಿಕೊಟ್ಟವರು ಅದೇ ಬೀದಿಯ ಒಬ್ಬ ಹಿರಿಯರು. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದವರು. ಗೆಳೆಯ 3ಡಿ ಪ್ರಿಂಟರಿನಲ್ಲಿ ಮಾಡಿದ ಕೀಲಿಗಳನ್ನು ಕನ್ನಡಕ ಏರಿಸಿ ನೋಡಿದರು. ತಮ್ಮದೇ ಹಳೆಯ ವರ್ನಿಯರ್ ತಂದು ಒಂದಷ್ಟನ್ನು ಅಳೆದರು. "ಇದೇನಪ್ಪಾ, ಒಂದೊಂದು ಒಂದೊಂದು ಥರ ಇದೆ. ಗಡಿಯಾರದಲ್ಲಿ ಹಿಂಗಿದ್ದಿದ್ರೆ ಬೆಳಗ್ಗೆ ಆರಕ್ಕೇ ಮಧ್ಯಾಹ್ನ ಆಗೋದು" ಎಂದರು. ಗೆಳೆಯನ ಮುಖ ಸಪ್ಪಗಾಯಿತು. ಅವರು ಹೇಳಿದ್ದು ನಿಜ. ಕೆಲವು ಕೀಲಿ ಬೆಣ್ಣೆ, ಕೆಲವು ಬೆಲ್ಲದಚ್ಚು.

ಈಗ ಕನ್ನಡದ ವಿಷಯ. ಇಂಥ ಯಂತ್ರಗಳ ಬಗ್ಗೆ ಹೊರದೇಶದವರು ಬರೆಯುವ ಅನುಭವಗಳಲ್ಲಿ ಈ ಮಾತು ಬರುವುದಿಲ್ಲ, ಬರಬೇಕೆಂದು ನಿರೀಕ್ಷಿಸುವಂತೆಯೂ ಇಲ್ಲ. ಕೀಬೋರ್ಡನ್ನು ಕುಗ್ಗಿಸುವಾಗ ಯಾವ ಕೀಲಿಗೆ ಮೊದಲು ಕತ್ತರಿ ಬೀಳುತ್ತದೆ? ಇಂಗ್ಲಿಷಿನ 26 ಅಕ್ಷರ ಮುಟ್ಟುವಂತಿಲ್ಲ. ಅಂಕಿಗಳ ಸಾಲು ಹೋಗುತ್ತದೆ. ಬಲಗಡೆ ಇರುವ ಚೌಕ ಕಂಸ, ಅರ್ಧವಿರಾಮ, ಉದ್ಧರಣ ಚಿಹ್ನೆ, ಸ್ಲ್ಯಾಶ್ ಇವೂ ಹೋಗಿ ಎಫ್‌ಎನ್ ಎಂಬ ಇನ್ನೊಂದು ಕೀಲಿಯ ಹಿಂದೆ ಅಡಗುತ್ತವೆ. ಇಂಗ್ಲಿಷ್ ಬರೆಯುವವನಿಗೆ ಅದರಿಂದ ತೊಂದರೆಯಿಲ್ಲ, ಅವು ಅವನಿಗೆ ಬರೀ ಚಿಹ್ನೆಗಳು.

ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಭಾರತದ ಲಿಪಿಗಳಿಗೆಲ್ಲ ಒಂದೇ ಬಗೆಯ ಕೀಬೋರ್ಡ್ ವಿನ್ಯಾಸ ಇರಲೆಂದು ಇನ್‌ಸ್ಕ್ರಿಪ್ಟ್ ತಂದಿತು. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ತರ್ಕ ಚೆನ್ನಾಗಿದೆ, ಕಲಿತವರ ಕೈ ಓಡುತ್ತದೆ. ಆದರೆ ಅದು ಇಡೀ ಕೀಬೋರ್ಡ್ ಸಿಗುತ್ತದೆ ಎಂದು ನಂಬಿ ಮಾಡಿದ್ದು. ಅದರಲ್ಲಿ "ಡ" ಇರುವುದು ಚೌಕ ಕಂಸದ ಕೀಲಿಯ ಮೇಲೆ. "ಚ" ಅರ್ಧವಿರಾಮದ ಮೇಲೆ, "ಟ" ಉದ್ಧರಣ ಚಿಹ್ನೆಯ ಮೇಲೆ, "ಯ" ಸ್ಲ್ಯಾಶ್ ಮೇಲೆ. ಈ ಪುಟ್ಟ ಯಂತ್ರದಲ್ಲಿ ಇನ್‌ಸ್ಕ್ರಿಪ್ಟ್ ಹಾಕಿದೊಡನೆ ಆ ನಾಲ್ಕೂ ಅಕ್ಷರ ಎಫ್‌ಎನ್ ಹಿಂದೆ ಬಚ್ಚಿಟ್ಟುಕೊಂಡವು. "ಕನ್ನಡ" ಎಂದು ಬರೆಯಲು ಹೋದರೆ "ಕನ್ನ" ತನಕ ಬಂದು ನಿಲ್ಲುತ್ತದೆ. ಭಾಷೆಯ ಹೆಸರಿನ ಕೊನೆಯ ಅಕ್ಷರಕ್ಕೇ ಕನ್ನ. "ಯಾರು", "ಯಾಕೆ", "ಯಾವಾಗ" ಎಂದು ಕೇಳಲೂ ಎರಡು ಬೆರಳು ಬೇಕು.

ಕಗಪ ವಿನ್ಯಾಸದಲ್ಲಿ ಈ ತೊಂದರೆ ಇಲ್ಲವೇ ಇಲ್ಲ. ಕೆ.ಪಿ. ರಾವ್ ರೂಪಿಸಿ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಮನೆಮಾತಾಗಿ, ರಾಜ್ಯ ಸರ್ಕಾರದ ಅಧಿಕೃತ ವಿನ್ಯಾಸವೂ ಆದದ್ದು ಇದು. ನಮ್ಮ ತಾಲ್ಲೂಕು ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಪತ್ರಿಕಾ ಕಚೇರಿಗಳಲ್ಲಿ ಬಹುಪಾಲು ಬೆರಳುಗಳಿಗೆ ಒಗ್ಗಿರುವುದೂ ಇದೇ. ಇಡೀ ಕನ್ನಡ ವರ್ಣಮಾಲೆ 26 ಅಕ್ಷರದ ಕೀಲಿ ಮತ್ತು ಶಿಫ್ಟ್‌ನಲ್ಲಿ ಮುಗಿಯುತ್ತದೆ. ಕೆ ಒತ್ತಿದರೆ "ಕ", ಶಿಫ್ಟ್ ಹಿಡಿದರೆ "ಖ". ಟಿ "ತ", ಕ್ಯೂ "ಟ", ಡಬ್ಲ್ಯೂ "ಡ". ಎರಡು ವ್ಯಂಜನ ಕೂಡಿಸಲು ನಡುವೆ ಎಫ್. "ಕನ್ನಡ" ಎಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಒತ್ತು, ಶಿಫ್ಟ್ ಕೂಡ ಬೇಡ. ಮೇಜಿನ ಮೇಲಿನ ದೊಡ್ಡ ಕೀಬೋರ್ಡಿಗೆಂದು ರೂಪುಗೊಂಡ ವಿನ್ಯಾಸ, ಚಿಹ್ನೆಗಳ ಕೀಲಿಗಳ ಸಹವಾಸಕ್ಕೆ ಹೋಗದೆ ಇದ್ದದ್ದರಿಂದ, ಅಂಗೈಯಗಲದ ಯಂತ್ರಕ್ಕೆ ಹೇಳಿ ಮಾಡಿಸಿದಂತೆ ಕೂತಿದೆ. ನಾನು ಕಗಪದವನು, ಪಕ್ಷಪಾತ ಇದ್ದೇ ಇದೆ. ಆದರೆ ಚಿಕ್ಕ ಕೀಬೋರ್ಡ್ ಮಾಡುವವರು ಕನ್ನಡಕ್ಕೆ ಒಂದೇ ವಿನ್ಯಾಸ ಕೊಡುವುದಾದರೆ ಕಗಪವನ್ನೇ ಕೊಡಬೇಕು ಎನ್ನುವುದು ಪಕ್ಷಪಾತದ ಮಾತಲ್ಲ, ಕೀಲಿಯ ಲೆಕ್ಕ.

ಹಾಗೆಂದು ಕಗಪವೂ ಸಲೀಸಾಗಿ ಬರಲಿಲ್ಲ. ಲಿನಕ್ಸ್‌ನಲ್ಲಿ ಅದನ್ನು ಪಡೆಯಲು ಎರಡು ದಾರಿ. ಒಂದು, ವ್ಯವಸ್ಥೆಯ ಜೊತೆಗೇ ಬರುವ ಎಕ್ಸ್‌ಕೆಬಿ ಎಂಬ ಕೀಬೋರ್ಡ್ ವಿನ್ಯಾಸಗಳ ಪಟ್ಟಿಯಲ್ಲಿರುವ ಕಗಪ. ಇದಕ್ಕೆ ಹಿಂದೆ ಮುಂದೆ ಗೊತ್ತಿಲ್ಲ, ಒಂದು ಒತ್ತಿಗೆ ಒಂದು ಸಂಕೇತ ಕಳಿಸುವುದಷ್ಟೇ ಅದರ ಕೆಲಸ. ವ್ಯಂಜನದ ಮೇಲೆ ಕೂರುವ ಗುಡಿಸು ಬೇರೆ, ಪದದ ಮೊದಲಿಗೆ ಬರುವ "ಇ" ಬೇರೆ ಎಂದು ಅದು ತಾನಾಗಿ ತೀರ್ಮಾನಿಸದು. ಹಾಗಾಗಿ ಬಿಡಿ ಸ್ವರಗಳಿಗೆ ಬಲಗಡೆಯ ಆಲ್ಟ್ ಹಿಡಿಯಬೇಕು. ನಮ್ಮ ಯಂತ್ರದಲ್ಲಿ ಬಲಗಡೆಯ ಆಲ್ಟ್ ಇರಲೇ ಇಲ್ಲ! ಕತ್ತರಿ ಬಿದ್ದವುಗಳಲ್ಲಿ ಅದೂ ಒಂದು. ಇನ್ನೊಂದು ದಾರಿ ಎಂ17ಎನ್ ಎಂಬ ಸಾಧನದ ಕಗಪ. ಇದು ಹಿಂದಿನ ಅಕ್ಷರ ನೋಡಿಕೊಂಡು ಸ್ವರವೋ ಸ್ವರಚಿಹ್ನೆಯೋ ತೀರ್ಮಾನಿಸುತ್ತದೆ, ನುಡಿಯಲ್ಲಿ ಕೈ ಪಳಗಿದವರಿಗೆ ಬೇಕಾದದ್ದು ಇದೇ. ಅದನ್ನು ಹಾಕಿದ ಮೇಲೆ ನನ್ನ ಹೆಬ್ಬೆಟ್ಟುಗಳು ಓಡತೊಡಗಿದವು. ಓಡಿದವು ಎನ್ನುವುದು ಸ್ವಲ್ಪ ಜಾಸ್ತಿಯಾಯಿತು. ಬೇಗ ನಡೆದವು.

ಆಮೇಲೆ ತೊಡಕಾದದ್ದು ಶಿಫ್ಟ್. ಇಂಗ್ಲಿಷಿನಲ್ಲಿ ಶಿಫ್ಟ್ ಬೇಕಾಗುವುದು ವಾಕ್ಯದ ಮೊದಲಿಗೆ, ಹೆಸರುಗಳಿಗೆ. ಕಗಪದಲ್ಲಿ ದೀರ್ಘಗಳಿಗೆಲ್ಲ ಶಿಫ್ಟ್ ಬೇಕು. "ಳ", "ಣ", "ಶ" ಇವಕ್ಕೂ ಬೇಕು. ಎಲ್ಲೆಲ್ಲೂ ಬರುವ ಸೊನ್ನೆಗೂ ಬೇಕು, ಅದು ಶಿಫ್ಟ್ ಎಂ. "ಚಿಕ್ಕಬಳ್ಳಾಪುರ" ಬರೆಯಲು 13 ಒತ್ತು, ಅದರಲ್ಲಿ ಮೂರಕ್ಕೆ ಶಿಫ್ಟ್. "ಕೋಲಾರ" ಐದೇ ಒತ್ತಿನದು, ಎರಡಕ್ಕೆ ಶಿಫ್ಟ್. ಗೆಳೆಯ ಇಟ್ಟಿದ್ದದ್ದು ಒಂದೇ ಶಿಫ್ಟ್, ಎಡಗಡೆ ಕೆಳಮೂಲೆಯಲ್ಲಿ. ದೀರ್ಘದ ಎ ಕೀಲಿಯೂ ಎಡಗಡೆಯೇ. ಹತ್ತು ಬೆರಳಿನವರು ಕಿರುಬೆರಳಲ್ಲಿ ಶಿಫ್ಟ್ ಹಿಡಿದು ಬಲಗಡೆಯ ಅಕ್ಷರ ಒತ್ತಿಯಾರು. ಎರಡು ಹೆಬ್ಬೆಟ್ಟಿನವನು ಎಡ ಹೆಬ್ಬೆಟ್ಟಿನಲ್ಲೇ ಎರಡನ್ನೂ ಹೇಗೆ ಒತ್ತಬೇಕು? ಮೊದಲ ಎರಡು ದಿನ ಬಲಗೈಯನ್ನು ಅಡ್ಡ ತಂದು "ಆ" ಬರೆದೆ. ಬೆಂಗಳೂರಿನ ರೈಲಿನಲ್ಲಿ ಪಕ್ಕದಲ್ಲಿ ಕೂತಿದ್ದ ಪಾಸ್ ಗಿರಾಕಿಯೊಬ್ಬರು, ನಾನು ಯಾವುದೋ ಗೇಮ್ ಆಡುತ್ತಿದ್ದೇನೆಂದು ತಿಳಿದು "ಸ್ಕೋರ್ ಎಷ್ಟಾಯ್ತು ಸಾರ್" ಎಂದು ಕೇಳಿದ್ದೂ ಉಂಟು.

ಇದಕ್ಕೆ ಪರಿಹಾರ ತಂತ್ರಾಂಶದಲ್ಲೇ ಇತ್ತು. ಕೀಬೋರ್ಡಿನ ಚಿಪ್ಪಿನೊಳಗಿನ ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶದಲ್ಲಿ, ಶಿಫ್ಟನ್ನು ಹಿಡಿದಿಟ್ಟುಕೊಳ್ಳದೆ ಒಮ್ಮೆ ಒತ್ತಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಅನ್ವಯಿಸುವ ಏರ್ಪಾಡಿದೆ. ಅದನ್ನು ಹಾಕಿಸಿಕೊಂಡೆ. ಹತ್ತು ನಿಮಿಷದ ಕೆಲಸ. ಆದರೆ ಶಿಫ್ಟನ್ನು ಮೂಲೆಯಿಂದ ತಂದು ಸ್ಪೇಸ್ ಪಕ್ಕ, ಎರಡೂ ಹೆಬ್ಬೆಟ್ಟಿಗೆ ಎಟಕುವ ಕಡೆ ಇಡಬೇಕು ಎಂದಾಗ ಗೆಳೆಯ ತಲೆ ಕೆರೆದುಕೊಂಡ. ಅದು ತಂತ್ರಾಂಶದ ಮಾತಲ್ಲ, ಗುಂಡಿಯ ಅಗಲದ ಮಾತು. ಸ್ಪೇಸ್ ಕತ್ತರಿಸಬೇಕು, ಹಲಗೆಯ ಮೇಲೆ ಗುಮ್ಮಟದ ಜಾಗ ಬದಲಿಸಬೇಕು.

ಮಾದರಿ ಹಂತ ಎನ್ನುವುದರ ಬೆಲೆ ಇಲ್ಲಿದೆ. ಈಗಿನ ಹೊರಕವಚ 3ಡಿ ಪ್ರಿಂಟ್. ಒಂದು ತೂತು ಆಚೀಚೆ ಮಾಡಬೇಕೆಂದರೆ ಕಡತ ತಿದ್ದಿ ರಾತ್ರಿಯೆಲ್ಲ ಪ್ರಿಂಟಿಗೆ ಹಾಕಿದರೆ ಬೆಳಗ್ಗೆ ಹೊಸ ಚೌಕಟ್ಟು ಸಿದ್ಧ. ನೂರಿನ್ನೂರು ಜನಕ್ಕೆ ಮಾರಬೇಕೆಂದರೆ ಪ್ರಿಂಟ್ ನಡೆಯದು, ಉಕ್ಕಿನಲ್ಲಿ ಅಚ್ಚು ಕೊರೆಸಿ ಪ್ಲಾಸ್ಟಿಕ್ ತುಂಬಿಸಬೇಕು. ಅಚ್ಚಿಗೆ ಲಕ್ಷಗಳ ಲೆಕ್ಕ, ಕೊರೆಸಿದ ಮೇಲೆ ಬದಲಾಯಿಸುವಂತಿಲ್ಲ. ಕನ್ನಡ ಸರಿಯಾಗಿ ಬರುತ್ತಿಲ್ಲ ಎಂದು ನಾವು ಗೊಣಗುವುದು ಸಾಮಾನ್ಯವಾಗಿ ವಸ್ತು ಅಂಗಡಿಗೆ ಬಂದ ಮೇಲೆ. ಆಗ ತಂತ್ರಾಂಶ ತಿದ್ದಿಸಬಹುದು, ಬಲಗಡೆಯ ಆಲ್ಟನ್ನು ಹುಟ್ಟಿಸಲಾಗದು. ಫೋನಿನ ಪರದೆ ಮೇಲಿನ ಕೀಬೋರ್ಡಾದರೆ ಇವತ್ತು ಒಂದು ವಿನ್ಯಾಸ, ನಾಳೆ ಇನ್ನೊಂದು. ನಿಜವಾದ ಗುಂಡಿಗಳ ಗುಣವೂ ದೋಷವೂ ಒಂದೇ: ಅವು ಇದ್ದಲ್ಲೇ ಇರುತ್ತವೆ.

ಪರದೆಯ ಕಥೆ ಬೇರೆ. 5 ಇಂಚು, 800 ಅಡ್ಡ 480 ಬಿಂದು. ಇಂಗ್ಲಿಷಿಗೆ ಸಾಲಿಗೆ 16 ಬಿಂದು ಕೊಟ್ಟರೆ 30 ಸಾಲು ಕಾಣುತ್ತದೆ. ಕನ್ನಡಕ್ಕೆ ಅದು ಸಾಲದು. ಮೇಲೆ ಗುಡಿಸು, ಕೆಳಗೆ ಒತ್ತು, "ರಾಷ್ಟ್ರ" ಎಂಬಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು. 28 ಬಿಂದು ಕೊಟ್ಟ ಮೇಲೆ ಕಣ್ಣಿಗೆ ಸಮಾಧಾನವಾಯಿತು, ಆದರೆ ಸಾಲು 17ಕ್ಕೆ ಇಳಿಯಿತು. ಅಕ್ಷರಶೈಲಿಗೆ ಮೊದಲು ನೋಟೊ, ಆಮೇಲೆ ಗುಬ್ಬಿ ಹಾಕಿ ನೋಡಿದೆ. ತುಮಕೂರು ಜಿಲ್ಲೆಯಲ್ಲಿ ಕೂತು ಗುಬ್ಬಿ ಎಂಬ ಹೆಸರಿನ ಶೈಲಿಯಲ್ಲಿ ಬರೆಯುವ ಖುಷಿಯೇ ಬೇರೆ. ಆ ಹೆಸರಿಗೂ ನಮ್ಮ ಗುಬ್ಬಿ ತಾಲ್ಲೂಕಿಗೂ ಸಂಬಂಧ ಕಟ್ಟಲು ಹೋಗಬೇಡಿ. ಅದರ ಜೋಡಿ ಶೈಲಿಯ ಹೆಸರು ನವಿಲು.

ಈ ಯಂತ್ರಗಳನ್ನು ಇಷ್ಟಪಡುವವರ ದೊಡ್ಡ ಹೊಗಳಿಕೆ ಟರ್ಮಿನಲ್‌ಗೆ, ಅಂದರೆ ಆದೇಶಗಳನ್ನು ಕುಟ್ಟಿಯೇ ಕೆಲಸ ಮಾಡಿಸುವ ಕಿಟಕಿಗೆ. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ಬೇಡ. ಕನ್ನಡದ ಕೈ ಕಟ್ಟಿಬೀಳುವುದು ಅಲ್ಲೇ. ಟರ್ಮಿನಲ್ ಎಂದರೆ ಚೌಕುಳಿ ಕಾಗದ. ಒಂದು ಮನೆಗೆ ಒಂದು ಅಕ್ಷರ ಎಂಬ ಲೆಕ್ಕ. "ಸ್ತ್ರೀ" ಎಂಬ ಒಂದೇ ಅಕ್ಷರ ಯೂನಿಕೋಡ್ ಎಂಬ ಅಕ್ಷರ ಸಂಕೇತಗಳ ಪಟ್ಟಿಯಲ್ಲಿ ಆರು ಸಂಕೇತ: ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಅರ್ಧಾಕ್ಷರದ ಗುರುತು, ರ, ದೀರ್ಘದ ಗುಡಿಸು. ಇದು ಎಷ್ಟು ಮನೆ ಹಿಡಿಯಬೇಕು ಎಂಬುದರಲ್ಲಿ ಟರ್ಮಿನಲ್ಲಿಗೂ ಅದರೊಳಗಿನ ತಂತ್ರಾಂಶಕ್ಕೂ ಒಮ್ಮತವಿಲ್ಲ. ಕರ್ಸರ್ ಒಂದು ಕಡೆ, ಅಳಿಸುವುದು ಇನ್ನೊಂದು ಕಡೆ. ಇನ್ನೂ ಕೆಳಗಿಳಿದು ಲಿನಕ್ಸ್‌ನ ಮೂಲ ಕನ್ಸೋಲಿಗೆ ಹೋದರೆ ಕನ್ನಡದ ಕಥೆ ಮುಗಿಯಿತು. ಅಲ್ಲಿ ಒಂದು ಸಲಕ್ಕೆ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ, ಅಕ್ಷರಗಳನ್ನು ಕೂಡಿಸಿ ಒತ್ತು ಮಾಡುವ ಶಕ್ತಿಯೇ ಇಲ್ಲ. ಕೊನೆಗೆ ಬಡಪಾಯಿಯ ಹಾಗೆ ಚಿತ್ರರೂಪದ ಪುಟ್ಟ ಸಂಪಾದಕವೊಂದನ್ನು ಇಡೀ ಪರದೆಗೆ ಹಿಗ್ಗಿಸಿ ಬರೆದೆ. ಅದರಲ್ಲಿ ಒತ್ತುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು.

ಬ್ಯಾಟರಿ ಬಗ್ಗೆ ಹೆಚ್ಚೇನಿಲ್ಲ. 18650 ಮಾದರಿಯ ಎರಡು ಸೆಲ್, ಒಂದೊಂದು 3000 ಎಂಎಎಚ್, 3.7 ವೋಲ್ಟ್, ಒಟ್ಟು 22 ವ್ಯಾಟ್‌ಅವರ್ ಚಿಲ್ಲರೆ. ಪರದೆ ಬೆಳಗಿ ಬರೆಯುತ್ತಿದ್ದರೆ ಯಂತ್ರ ಸುಮಾರು ಮೂರೂವರೆ ವ್ಯಾಟ್ ಎಳೆಯುತ್ತಿತ್ತು. ನಡುವೆ ಸೋರಿಹೋಗುವುದನ್ನು ಕಳೆದರೆ ಐದೂವರೆ ಗಂಟೆ ದಕ್ಕಿತು. ಕೊರತೆ ಇರುವುದು ಅದರಲ್ಲಲ್ಲ, ನಿದ್ದೆಯಲ್ಲಿ. ಈ ಮಾಡ್ಯೂಲಿಗೆ ಲ್ಯಾಪ್‌ಟಾಪಿನ ಹಾಗೆ, ಫೋನಿನ ಹಾಗೆ ಮಲಗಿ ಏಳುವ ವಿದ್ಯೆ ಇಲ್ಲ. ಎದ್ದಿರಬೇಕು, ಇಲ್ಲವೇ ಪೂರ್ತಿ ಆರಬೇಕು. ಮಂಡಿಯಲ್ಲಿ ಒಂದು ಮಾತು ಕಿವಿಗೆ ಬಿತ್ತು, ಬರೆದಿಟ್ಟುಕೊಳ್ಳೋಣ ಎಂದು ಗುಂಡಿ ಒತ್ತಿದರೆ ಅರ್ಧ ನಿಮಿಷದಷ್ಟು ಕಾಯಬೇಕು. ಅಷ್ಟರಲ್ಲಿ ಹರಾಜು ಮುಂದಿನ ರಾಶಿಗೆ ಹೋಗಿರುತ್ತದೆ. ಜೇಬಿನ ಚೀಟಿ, ಪೆನ್ನು ಇವನ್ನು ಸೋಲಿಸುವುದು ಕಷ್ಟ.

ಒಂದು ಅವಘಡವನ್ನೂ ಹೇಳಿಬಿಡುತ್ತೇನೆ. ತಿಪಟೂರಿನಲ್ಲಿ ಊಟಕ್ಕೆ ಹೋಗುವಾಗ ಅದನ್ನು ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟಿದ್ದೆ. ಬಂದು ನೋಡಿದರೆ ಹಿಂಬದಿಯ ಮುಚ್ಚಳ ಹಪ್ಪಳದಂತೆ ಒಂದು ಕಡೆ ಎದ್ದಿತ್ತು. 3ಡಿ ಪ್ರಿಂಟಿಗೆ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ಕು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಮುಚ್ಚಿದ ಕಾರಿನ ಗಾಜಿನಡಿ ಅಷ್ಟು ಕಾವು ಬರಲು ನಮ್ಮ ಬಯಲುಸೀಮೆಯ ಬೇಸಿಗೆ ಸಾಕು. ತಪ್ಪು ನನ್ನದು. ಗೆಳೆಯ ಮಾತ್ರ ಬೈಯುವುದು ಬಿಟ್ಟು, ಇನ್ನೂ ಕಾವು ತಡೆಯುವ ಪಿಇಟಿಜಿಯಲ್ಲಿ ಮುಂದಿನದನ್ನು ಮಾಡುತ್ತೇನೆ ಎಂದು ಗುರುತು ಹಾಕಿಕೊಂಡ.

ಇಂಥದ್ದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದ್ದರು. ಅದೂ ಲಿನಕ್ಸೇ. ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂತು. ಆರಂಭದ ಮಾದರಿಯ ಬೆಲೆ ಹತ್ತು ಸಾವಿರದ ಆಸುಪಾಸು. ಮಾರಾಟವಾದದ್ದು ಕೆಲವೇ ಸಾವಿರ. ಬಡವರ ಕಂಪ್ಯೂಟರ್ ಎಂದು ಜಗತ್ತೆಲ್ಲ ಹೊಗಳಿದ್ದು ಯಾಕೆ ಓಡಲಿಲ್ಲ ಎಂಬುದಕ್ಕೆ ಹತ್ತು ಕಾರಣ ಹೇಳುತ್ತಾರೆ. ಮೊಬೈಲ್ ಫೋನು ಅಗ್ಗವಾದದ್ದು ಅದರಲ್ಲಿ ದೊಡ್ಡದು. ನನ್ನ ಕಣ್ಣಿಗೆ ಬೀಳುವುದು ಇನ್ನೊಂದು. ಅದಕ್ಕೆ ಗುಂಡಿಗಳ ಕೀಬೋರ್ಡ್ ಇರಲಿಲ್ಲ, ಕಡ್ಡಿ ಹಿಡಿದು ಪರದೆ ಮುಟ್ಟಬೇಕಿತ್ತು. ಓದಲು, ಕೇಳಲು ಅದು ಸರಿ. ನುಡಿ ಕಲಿತ ಗುಮಾಸ್ತರ ದೊಡ್ಡ ಪಡೆ ಇದೇ ರಾಜ್ಯದಲ್ಲಿ ಆಗ ತಾನೇ ಬೆಳೆಯುತ್ತಿತ್ತು. ಅವರ ಬೆರಳಿಗೆ ಅದು ಏನನ್ನೂ ಕೊಡಲಿಲ್ಲ.

ನನ್ನ ಗೆಳೆಯನ ಯಂತ್ರ ಬಡವರದಲ್ಲ, ಭಾವನದೂ ಅಲ್ಲ. ಅವರ ಕೆಲಸಕ್ಕೆ ಫೋನು, ಚೀಟಿ ಪುಸ್ತಕ ಸಾಕು. ಗ್ರಾಮ ಸಭೆಯಲ್ಲಿ ಕೂತು ನಡಾವಳಿ ಬರೆಯುವವರು, ರೈಲಿನಲ್ಲಿ ವರದಿ ಮುಗಿಸಬೇಕಾದ ಪತ್ರಕರ್ತರು, ಊರೂರು ಸುತ್ತಿ ಮಾತು ದಾಖಲಿಸುವ ಜಾನಪದದವರು, ಫೋನ್ ಕೈಗೆತ್ತಿಕೊಂಡರೆ ರೀಲ್ಸ್‌ಗೆ ಜಾರುವ ನನ್ನಂಥವರು ಕೊಂಡಾರು. ಹಿಡಿ ಮಂದಿ.

ಹಿಡಿ ಮಂದಿಗೆ ಮಾಡಿಕೊಡುವವರು ಯಾರು? ಬೆಂಗಳೂರು ದಾಟಿ ಕೋಲಾರದ ನರಸಾಪುರಕ್ಕೆ ಹೋದರೆ ಐಫೋನ್ ಜೋಡಿಸುವ ಕಾರ್ಖಾನೆಯೇ ಇದೆ. ವಿಸ್ಟ್ರಾನ್ ಕಟ್ಟಿದ್ದು, 2023ರಲ್ಲಿ ಟಾಟಾ ಕೈಗೆ ಬಂದದ್ದು. ಅಂಗೈಯಗಲದ ಕಂಪ್ಯೂಟರನ್ನು ರಾಶಿಗಟ್ಟಲೆ ಜೋಡಿಸುವ ಕೈಚಳಕ ಟೊಮೆಟೊ ತೋಟಗಳ ಪಕ್ಕದಲ್ಲೇ ಬೆಳೆದಿದೆ. ಆದರೆ ಆ ಲೋಕಕ್ಕೆ ಇನ್ನೂರು ಎಂಬುದು ಸಂಖ್ಯೆಯೇ ಅಲ್ಲ. ಗೆಳೆಯ ಹಿರೇಹಳ್ಳಿ ಕೈಗಾರಿಕಾ ಪ್ರದೇಶ ಸುತ್ತಿದ, ಪೀಣ್ಯ ಸುತ್ತಿದ. ಅಚ್ಚು ಮಾಡಿಕೊಡುತ್ತೇವೆ, ಎಷ್ಟು ಸಾವಿರ ಪೀಸು ಎಂದು ಎಲ್ಲರೂ ಕೇಳಿದರಂತೆ. ಇದರ ಜೊತೆಗೆ 2025ರ ಕೊನೆಯ ಹೊತ್ತಿಗೆ ಮೆಮೊರಿ ಚಿಪ್ಪುಗಳ ಬೆಲೆ ಏರಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಅವನ್ನು ಬಾಚಿಕೊಳ್ಳುತ್ತಿವೆ. ರಾಸ್ಪ್‌ಬೆರಿ ಪೈಯವರೂ ದರ ಹೆಚ್ಚಿಸಿದರು. ಎಲ್ಲೋ ಕಟ್ಟುವ ದತ್ತಾಂಶ ಕೇಂದ್ರದ ಸುಂಕವನ್ನು ಬಿ.ಎಚ್. ರಸ್ತೆಯ ಮಹಡಿ ಕೋಣೆಯೂ ಕಟ್ಟಬೇಕಾಯಿತು.

ಹೊರಗಿನಿಂದ ತರಿಸಿಕೊಂಡು ಮಾರುವ ದಾರಿಯೂ ಸಲೀಸಲ್ಲ. 2023ರ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳ ಜೊತೆಗೆ ಅತಿ ಚಿಕ್ಕ ಕಂಪ್ಯೂಟರುಗಳನ್ನೂ ಆಮದು ನಿರ್ಬಂಧದ ಪಟ್ಟಿಗೆ ಸೇರಿಸಿತು. ಆಮೇಲೆ ಅದನ್ನು ಸಡಿಲಿಸಿ ಅನುಮತಿ ಪಡೆದು ತರುವ ವ್ಯವಸ್ಥೆಯಾಗಿ ಮಾಡಿದರು. ಸುಂಕ ಕಟ್ಟಿ ಅಂಚೆ, ಕೊರಿಯರ್‌ನಲ್ಲಿ ಒಂದನ್ನು ತರಿಸಿಕೊಳ್ಳುವುದಕ್ಕೆ ಮೊದಲಿನಿಂದಲೂ ವಿನಾಯಿತಿ ಇತ್ತು. ಸಂಶೋಧನೆ, ಪರೀಕ್ಷೆಗೆಂದು ತರುವವರಿಗೆ 20ರವರೆಗೂ ಇತ್ತು. ಹವ್ಯಾಸಿಗೆ ಒಂದು, ಪ್ರಯೋಗಶಾಲೆಗೆ 20, ಕಾರ್ಖಾನೆಗೆ ಲಕ್ಷ. ಇನ್ನೂರು ಮಾಡಬೇಕೆನ್ನುವವನು ಈ ಮೂರರ ಸಂದಿಯಲ್ಲಿ ನಿಂತಿದ್ದಾನೆ.

ಹದಿನೈದನೇ ದಿನ ಯಂತ್ರ ಮರಳಿಸಲು ಹೋದೆ. ಈ ಲೇಖನದ ಮುಕ್ಕಾಲು ಪಾಲು ಅದರಲ್ಲೇ ಬರೆದದ್ದು. ಕೊನೆಯ ಎರಡು ದಿನ ಎಫ್ ಕೀಲಿ ಒಂದು ಕಡೆ ವಾಲಿ, ಒತ್ತಿದಾಗಲೆಲ್ಲ ಕಿರ್ ಎನ್ನುತ್ತಿತ್ತು. ಆಗಾಗ ಒಳಗೇ ಸಿಕ್ಕಿಕೊಂಡು ಸಾಲು ಪೂರ್ತಿ ಅರ್ಧಾಕ್ಷರದ ಗುರುತುಗಳನ್ನು ಸುರಿಯುತ್ತಿತ್ತು. ಗೆಳೆಯ ಮುಚ್ಚಳ ಬಿಚ್ಚಿ ನೋಡಿದ. ಗುಮ್ಮಟ ಸರಿಯಾಗಿಯೇ ಇತ್ತು. ಪ್ರಿಂಟ್ ಮಾಡಿದ ಕಾಂಡ ಒಂದು ಮಗ್ಗುಲಿಗೆ ಸವೆದಿತ್ತು. ಅವನು ಆರು ತಿಂಗಳು ಇಂಗ್ಲಿಷ್ ಕುಟ್ಟಿದಾಗ ಎಫ್‌ಗೆ ಏನೂ ಆಗಿರಲಿಲ್ಲ. ಆಗುವುದಾದರೂ ಹೇಗೆ, ಇಂಗ್ಲಿಷಿನಲ್ಲಿ ಅದು ಅಪರೂಪಕ್ಕೆ ಬರುವ ನೆಂಟ. ಕನ್ನಡದಲ್ಲಿ ಒಂದೊಂದು ಒತ್ತಕ್ಷರಕ್ಕೂ ಅದನ್ನೇ ಕರೆಯಬೇಕು.

ಬೇರೆ ಕಾಂಡ ಪ್ರಿಂಟ್ ಆಗಿರಲಿಲ್ಲ. "ಯಾವ ಕೀ ಕಡಿಮೆ ಬಳಸ್ತೀಯ?" ಎಂದ.

"ಜೆಡ್" ಎಂದೆ. ಕಗಪದಲ್ಲಿ ಜೆಡ್ ಎಂದರೆ "ಞ", ಶಿಫ್ಟ್ ಹಿಡಿದರೆ "ಙ". ಶಾಲೆಯಲ್ಲಿ ವರ್ಣಮಾಲೆ ಒಪ್ಪಿಸಿದ ಮೇಲೆ ಅವನ್ನು ಯಾರು ಮುಟ್ಟುತ್ತಾರೆ?

ಚಿಮುಟದಲ್ಲಿ ಎರಡೂ ಕಾಂಡ ಕಿತ್ತು ಅದಲು ಬದಲು ಮಾಡಿದ. ಎಫ್ ಬೆಣ್ಣೆಯಾಯಿತು. ನೋಡೋಣ ಎಂದು ಲೇಖನ ತೆರೆದು, ಸಿಂಪ್ಯೂಟರಿನ ಪ್ಯಾರಾದಲ್ಲಿ ಬಿಟ್ಟುಹೋಗಿದ್ದ ಸಂಸ್ಥೆಯ ಹೆಸರನ್ನು ಸೇರಿಸತೊಡಗಿದೆ. "ಭಾರತೀಯ" ಬಂತು. "ವಿಜ್" ತನಕವೂ ಬಂತು. ಅಲ್ಲಿ ಜೆಡ್ ಒತ್ತಬೇಕಾಗಿತ್ತು. ಒತ್ತಿದೆ. ಕಿರ್ ಎಂದು ಒಳಗೆ ಹೋಗಿ ಕೂತ ಕೀಲಿ ಮೇಲೆ ಬರಲೇ ಇಲ್ಲ. ಪರದೆಯ ತುಂಬ ಞ ಞ ಞ ಞ ಎಂದು ಓಡತೊಡಗಿತು.